ಸ್ಪಿತಿ ಕಣಿವೆಗೆ ಸ್ವಂತವಾಗಿ, ಬಸ್ಸಿನಲ್ಲಿ: ಹತ್ತುವ ಕ್ರಮ, ತಂಗುವ ಕ್ರಮ

ಹಿಮಾಚಲದ ಸ್ಪಿತಿಗೆ ಹೋಗಿ ಬಂದವರು ನನಗೆ ಹೇಳುವ ಕಥೆ ಹೆಚ್ಚುಕಡಿಮೆ ಒಂದೇ. ಮನಾಲಿಯಲ್ಲಿ ಬೆಳಿಗ್ಗೆ ಟ್ಯಾಕ್ಸಿ ಹತ್ತಿದರು. ಅದೇ ಸಂಜೆ ಸ್ಪಿತಿಯ ಮುಖ್ಯ ಊರಾದ ಕಾಜಾ ತಲುಪಿದರು. ರಾತ್ರಿಯೆಲ್ಲ ತಲೆನೋವು, ವಾಂತಿ. ಮರುದಿನ ಹೋಟೆಲ್ ಕೋಣೆಯಲ್ಲೇ ಕಳೆಯಿತು. ಮೂರನೇ ದಿನ ಒಂದೇ ಗಾಡಿಯಲ್ಲಿ ಕೀ, ಕಿಬ್ಬರ್, ಲಾಂಗ್ಜಾ, ಹಿಕ್ಕಿಂ, ಕೋಮಿಕ್ ಐದು ಹಳ್ಳಿಗಳನ್ನೂ ಮುಗಿಸಿ, ನಾಲ್ಕನೇ ದಿನ ವಾಪಸ್. ಕೊನೆಗೆ ಒಂದು ಮಾತು ಇದ್ದೇ ಇರುತ್ತದೆ: "ಜಾಗ ಚೆನ್ನಾಗಿತ್ತು, ಆದರೆ ಅಲ್ಲಿಯವರ ಜೊತೆ ಮಾತಾಡೋಕೆ ಆಗಲೇ ಇಲ್ಲ."

ಮೈ ಕೆಟ್ಟಿದ್ದಕ್ಕೂ ಮಾತು ಸಿಗದಿದ್ದಕ್ಕೂ ಕಾರಣ ಒಂದೇ. ಕ್ರಮ ತಪ್ಪಿತು. ನನ್ನ ಮೊದಲ ಪ್ರಯಾಣದಲ್ಲೂ ಹೀಗೇ ಆಗಿತ್ತು. ಆಮೇಲೆ ದಾರಿ ಬದಲಿಸಿ, ಟ್ಯಾಕ್ಸಿ ಬಿಟ್ಟು ಬಸ್ಸು ಹಿಡಿದೆ. ಎರಡೂ ತೊಂದರೆ ಒಟ್ಟಿಗೇ ಹೋದವು. ಆ ಕ್ರಮವನ್ನು ಇಲ್ಲಿ ಹಂತ ಹಂತವಾಗಿ ಬರೆಯುತ್ತಿದ್ದೇನೆ. ಹಂತಗಳನ್ನು ಹಿಂದುಮುಂದು ಮಾಡಬೇಡಿ.

## ಹಂತ 1: ತಿಂಗಳು ಮತ್ತು ದಿನಗಳ ಲೆಕ್ಕ

ಮೊದಲು ಆರಿಸಬೇಕಾದ್ದು ಹೋಟೆಲ್ ಅಲ್ಲ, ತಿಂಗಳು. ಜೂನ್ ತಿಂಗಳು ಒಳ್ಳೆಯದು. ಸೆಪ್ಟೆಂಬರ್ ಎರಡನೇ ವಾರದಿಂದ ಅಕ್ಟೋಬರ್ ಮೊದಲ ವಾರದವರೆಗೆ ಇನ್ನೂ ಒಳ್ಳೆಯದು.

ಜುಲೈ, ಆಗಸ್ಟ್ ಬಗ್ಗೆ ಒಂದು ತಪ್ಪು ತಿಳುವಳಿಕೆ ಇದೆ. "ಸ್ಪಿತಿ ಮಳೆ ನೆರಳಿನ ಪ್ರದೇಶ, ಅಲ್ಲಿ ಮಳೆ ಬರಲ್ಲ, ಆರಾಮಾಗಿ ಹೋಗಬಹುದು" ಅಂತಾರೆ. ಅಲ್ಲಿ ಮಳೆ ಕಡಿಮೆ ಅನ್ನುವುದು ನಿಜ. ಆದರೆ ಅಲ್ಲಿಗೆ ಹೋಗುವ ದಾರಿ ಮಳೆಯಲ್ಲೇ ಇದೆ. ಶಿಮ್ಲಾ ದಾಟಿ ಸಿಗುವ ರಾಂಪುರದಿಂದ ಮುಂದೆ ಕಿನ್ನೌರ್ ಜಿಲ್ಲೆಯ ರಸ್ತೆ ಸಟ್ಲೆಜ್ ನದಿಯ ಮೇಲೆ ಕಡಿದ ಬಂಡೆಯ ಅಂಚಿನಲ್ಲಿ ಸಾಗುತ್ತದೆ. 2021ರ ಆಗಸ್ಟ್‌ನಲ್ಲಿ ನಿಗುಲ್ಸರಿ ಬಳಿ ಗುಡ್ಡ ಕುಸಿದು, ಸಾರಿಗೆ ಬಸ್ಸೊಂದು ಮಣ್ಣಿನಡಿ ಸೇರಿತು. ಮಳೆಗಾಲದಲ್ಲಿ ಈ ದಾರಿ ಹಿಡಿಯಬೇಡಿ ಅಂತ ಕೈಮುಗಿದು ಹೇಳುತ್ತೇನೆ.

ದಿನಗಳ ವಿಷಯ. ಚಂಡೀಗಢದಿಂದ ಹೊರಟು ಚಂಡೀಗಢಕ್ಕೆ ವಾಪಸಾಗಲು 15 ದಿನ ಇಟ್ಟುಕೊಳ್ಳಿ. ಇದರಲ್ಲಿ ಎರಡು ದಿನ ಏನೂ ಯೋಜನೆ ಇಲ್ಲದ ದಿನಗಳು. ರಸ್ತೆ ಮುಚ್ಚಿದರೆ, ಮೈ ಹುಷಾರಿಲ್ಲದಿದ್ದರೆ ಅವು ಬೇಕಾಗುತ್ತವೆ. ಆಫೀಸಿನಲ್ಲಿ ಒಂಬತ್ತು ದಿನ ಮಾತ್ರ ರಜೆ ಸಿಗುವುದಾದರೆ ದಾರಿಯಲ್ಲಿ ಸಿಗುವ ಕಲ್ಪಾ, ತಾಬೊ ಎರಡನ್ನೇ ನೋಡಿ ಬನ್ನಿ. ಪೂರ್ತಿ ಕಣಿವೆಯನ್ನು ಒಂಬತ್ತು ದಿನಕ್ಕೆ ತುರುಕಬೇಡಿ.

ಬೆಂಗಳೂರಿನ ಯಶವಂತಪುರದಿಂದ ಚಂಡೀಗಢಕ್ಕೆ ಕರ್ನಾಟಕ ಸಂಪರ್ಕ ಕ್ರಾಂತಿ ರೈಲಿದೆ. ಹುಬ್ಬಳ್ಳಿ ಕಡೆಯವರಿಗೂ ಅನುಕೂಲ. ಚಂಡೀಗಢದಿಂದ ಶಿಮ್ಲಾ ಬಸ್ಸಿನಲ್ಲಿ ಸುಮಾರು ನಾಲ್ಕು ಗಂಟೆ.

## ಹಂತ 2: ಕಾಗದ, ದುಡ್ಡು, ಗಂಟುಮೂಟೆ

ಭಾರತದ ಪ್ರಜೆಗಳಿಗೆ ಸ್ಪಿತಿಗೆ ಯಾವ ಪರವಾನಗಿಯೂ ಬೇಡ. ಆಧಾರ್ ಅಥವಾ ಮತದಾರರ ಚೀಟಿಯ ಅಸಲು ಪ್ರತಿ ಜೇಬಿನಲ್ಲಿರಲಿ. ಕಿನ್ನೌರ್ ಮುಗಿದು ಸ್ಪಿತಿ ಶುರುವಾಗುವ ಸುಮ್ದೊ ಚೆಕ್‌ಪೋಸ್ಟ್‌ನಲ್ಲಿ ಕೇಳಬಹುದು.

ಎಡವುವುದು ಇಲ್ಲಿ: ಹೊರದೇಶದಿಂದ ಬಂದ ತಮ್ಮನೋ ಅತ್ತಿಗೆಯೋ ಜೊತೆಗಿರುತ್ತಾರೆ, ಅವರ ಕೈಯಲ್ಲಿ ಅಮೆರಿಕದ ಅಥವಾ ಬ್ರಿಟನ್ನಿನ ಪಾಸ್‌ಪೋರ್ಟ್. "ಓಸಿಐ ಕಾರ್ಡ್ (ಭಾರತ ಮೂಲದ ವಿದೇಶಿ ಪ್ರಜೆಗಳ ಕಾರ್ಡ್) ಇದೆಯಲ್ಲ, ಸಾಕು" ಅಂದುಕೊಳ್ಳುತ್ತಾರೆ. ಸಾಲದು. ವಿದೇಶಿ ಪಾಸ್‌ಪೋರ್ಟ್ ಇದ್ದವರಿಗೆ ಕಿನ್ನೌರ್‌ನ ಜಿಲ್ಲಾ ಕೇಂದ್ರ ರೆಕಾಂಗ್ ಪಿಯೋ ಮತ್ತು ಕಾಜಾ ನಡುವಿನ ಗಡಿ ರಸ್ತೆಗೆ ಇನ್ನರ್ ಲೈನ್ ಪರ್ಮಿಟ್ ಬೇಕೇ ಬೇಕು. ರೆಕಾಂಗ್ ಪಿಯೋದಲ್ಲಿ ಮಾಡಿಸಬಹುದು. ಸರ್ಕಾರಿ ರಜಾ ದಿನ ನೋಡಿಕೊಂಡು, ಅದಕ್ಕೊಂದು ಕೆಲಸದ ದಿನ ಬಿಡಿ.

ದುಡ್ಡು ನೋಟಿನಲ್ಲಿರಲಿ. ಕಾಜಾದಲ್ಲಿ ಎಟಿಎಂ ಇದೆ. ಆದರೆ ಕರೆಂಟ್ ಅಥವಾ ನೆಟ್‌ವರ್ಕ್ ಹೋದರೆ ಅದೂ ಇಲ್ಲ, ಫೋನಿನಲ್ಲಿ ದುಡ್ಡು ಕಳಿಸುವುದೂ ಇಲ್ಲ. ಇಡೀ ಪ್ರಯಾಣದ ಖರ್ಚನ್ನು ಶಿಮ್ಲಾದಲ್ಲೇ ತೆಗೆದಿಟ್ಟುಕೊಳ್ಳಿ. 100, 200ರ ನೋಟು ಜಾಸ್ತಿ ಇರಲಿ. ಹಳ್ಳಿ ಮನೆಯಲ್ಲಿ 500ರ ನೋಟು ಕೊಟ್ಟು ಚಿಲ್ಲರೆಗೆ ಕಾಯುವುದು ಇಬ್ಬರಿಗೂ ಮುಜುಗರ.

ಗಂಟಿನಲ್ಲಿ ಇವು ಮರೆಯಬಾರದು:

- ಎರಡು ಲೀಟರ್ ನೀರು ಹಿಡಿಸುವ ಬಾಟಲಿ. ಬಿಸಿನೀರು ಹಾಕಿದರೂ ತಡೆಯುವಂಥದ್ದು.
- ತಲೆಗೆ ಕಟ್ಟುವ ಟಾರ್ಚ್. ರಾತ್ರಿ ಕಕ್ಕಸಿಗೆ, ಗೊಂಪಾದ (ಬೌದ್ಧ ಮಠದ) ಕತ್ತಲೆ ಕೋಣೆಗೆ.
- ದಪ್ಪನೆಯ ಒಂದೇ ಜಾಕೆಟ್ ಬದಲು ತೆಳುವಾದ ಮೂರು ಪದರದ ಬಟ್ಟೆ. ಹಗಲಿನ ಬಿಸಿಲಿಗೂ ರಾತ್ರಿಯ ಚಳಿಗೂ ಅಜಗಜಾಂತರ.
- ಬ್ಯಾಗು ಸುತ್ತಲು ದೊಡ್ಡ ಪ್ಲಾಸ್ಟಿಕ್ ಚೀಲ. ಬಸ್ಸಿನ ಮೇಲೆ ಹಾಕಿದರೆ ಧೂಳು ಒಳಗಿನ ಬನಿಯನ್‌ವರೆಗೂ ಹೋಗುತ್ತದೆ.
- ಫೋನಿನಲ್ಲಿ ಇಳಿಸಿಟ್ಟುಕೊಂಡ ನಕ್ಷೆ. ಕಾಜಾ ದಾಟಿದ ಮೇಲೆ ನೆಟ್‌ವರ್ಕ್ ಇಲ್ಲ ಅಂತಲೇ ಯೋಜನೆ ಮಾಡಿ.
- ಅರ್ಧ ಕಿಲೋ ಶೇಂಗಾ ಚಟ್ನಿಪುಡಿ. ಯಾಕೆ ಅಂತ ಹಂತ 7ರಲ್ಲಿ ಹೇಳುತ್ತೇನೆ.

## ಹಂತ 3: ಕಿನ್ನೌರ್ ಕಡೆಯಿಂದಲೇ ಹತ್ತಿ

ಇಡೀ ಬರಹದಲ್ಲಿ ಒಂದೇ ಹಂತ ಪಾಲಿಸುವುದಾದರೆ ಇದನ್ನು ಪಾಲಿಸಿ.

ಕಾಜಾಗೆ ಎರಡು ದಾರಿ. ಮನಾಲಿಯಿಂದ ಹೋದರೆ ದೂರ ಕಡಿಮೆ. ಆದರೆ ಸುಮಾರು 2,000 ಮೀಟರ್ ಎತ್ತರದ ಮನಾಲಿಯಲ್ಲಿ ಮಲಗಿದ್ದವರು ಮರುರಾತ್ರಿ ಸುಮಾರು 3,650 ಮೀಟರ್ ಎತ್ತರದ ಕಾಜಾದಲ್ಲಿ ಮಲಗುತ್ತಾರೆ. ನಡುವೆ 4,500 ಮೀಟರಿಗೂ ಮೇಲಿನ ಕುಂಜುಂ ಕಣಿವೆದಾರಿ ಬೇರೆ. 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಜಾಸ್ತಿ ಏರಿಸಬಾರದು ಎನ್ನುವುದು ವೈದ್ಯರು ಹೇಳುವ ಲೆಕ್ಕ. ಮನಾಲಿ ದಾರಿ ಮೊದಲ ದಿನವೇ ಈ ಲೆಕ್ಕ ಮುರಿಯುತ್ತದೆ.

ಶಿಮ್ಲಾ ಕಡೆಯ ದಾರಿ ಉದ್ದ. ಅದರ ಉದ್ದವೇ ನಿಮ್ಮ ಔಷಧಿ. ಮಲಗುವ ಊರುಗಳು ಈ ಕ್ರಮದಲ್ಲಿರಲಿ:

ಶಿಮ್ಲಾ, ಒಂದು ರಾತ್ರಿ. ಸುಮಾರು 2,200 ಮೀಟರ್. ಬೆಳಿಗ್ಗೆ ಬೇಗ ಹಿಮಾಚಲ ಸಾರಿಗೆ ಬಸ್ಸು ಹಿಡಿದರೆ ರೆಕಾಂಗ್ ಪಿಯೋಗೆ ಒಂಬತ್ತು, ಹತ್ತು ಗಂಟೆ. ಊರಿನವರೆಲ್ಲ ಇದನ್ನು ಪಿಯೋ ಅಂತಲೇ ಕರೆಯುತ್ತಾರೆ.

ಕಲ್ಪಾ, ಎರಡು ರಾತ್ರಿ. ಪಿಯೋದಿಂದ ಮೇಲಕ್ಕೆ ಲೋಕಲ್ ಬಸ್ಸಿನಲ್ಲಿ ಅರ್ಧ ಗಂಟೆ. 2,960 ಮೀಟರ್. ಇಲ್ಲಿ ಎರಡು ರಾತ್ರಿ ಮಲಗುವುದನ್ನು ಸೋಮಾರಿತನ ಅಂದುಕೊಳ್ಳಬೇಡಿ. ಮುಂದಿನ ಹತ್ತು ದಿನದ ಬುನಾದಿ ಇಲ್ಲೇ ಬೀಳುವುದು. ಸೆಪ್ಟೆಂಬರ್‌ನಲ್ಲಾದರೆ ಸೇಬಿನ ಕೊಯ್ಲು ನಡೆಯುತ್ತಿರುತ್ತದೆ. ತೋಟದ ಅಂಚಿನಲ್ಲಿ ಸುಮ್ನೆ ನಡೆದಾಡಿ.

ತಾಬೊ, ಎರಡು ರಾತ್ರಿ. ಸುಮಾರು 3,280 ಮೀಟರ್. ಪಿಯೋದಿಂದ ಕಾಜಾಗೆ ಹೋಗುವ ಬಸ್ಸು ಬೆಳಗಿನ ಜಾವ ಹೊರಡುತ್ತದೆ. ಹಿಂದಿನ ಸಂಜೆಯೇ ನಿಲ್ದಾಣದ ಕೌಂಟರಿಗೆ ಹೋಗಿ ಹೊರಡುವ ಸಮಯ ಕೇಳಿ. ಟಿಕೆಟ್ ಆಗಲೇ ಕೊಡುತ್ತಾರೋ, ಬೆಳಿಗ್ಗೆ ಬರಬೇಕೋ ಅದನ್ನೂ ಕೇಳಿ. ಕಲ್ಪಾದಿಂದ ಮೊದಲ ಬಸ್ಸು ಇಳಿಯುವ ಹೊತ್ತಿಗೆ ಇದು ಹೊರಟಿರಬಹುದು. ಆದ್ದರಿಂದ ಬೆಳಿಗ್ಗೆಗೆ ಒಂದು ಗಾಡಿ ಮಾತಾಡಿಟ್ಟುಕೊಳ್ಳಿ.

ದಾರಿಯಲ್ಲಿ ನಾಕೋ ಅನ್ನುವ ಚೆಂದದ ಊರು ಸಿಗುತ್ತದೆ. ತುಂಬಾ ಜನ ಅಲ್ಲೇ ಇಳಿದು ತಂಗುತ್ತಾರೆ. ನಕ್ಷೆಯಲ್ಲಿ ಅದು ತಾಬೊಗಿಂತ ಮೊದಲು ಬರುತ್ತದೆ ನಿಜ, ಆದರೆ ಎತ್ತರದಲ್ಲಿ ಅದು ತಾಬೊಗಿಂತ ಮೇಲಿದೆ: ಸುಮಾರು 3,660 ಮೀಟರ್. ಕಲ್ಪಾದಿಂದ ನೇರ ನಾಕೋದಲ್ಲಿ ಮಲಗಿದರೆ ಒಂದೇ ದಿನಕ್ಕೆ 700 ಮೀಟರ್ ಏರಿದ ಹಾಗಾಯಿತು. ಬಸ್ಸಿನಲ್ಲೇ ದಾಟಿ, ತಾಬೊಗೆ ಇಳಿದು ಮಲಗಿ. ನಕ್ಷೆಯಲ್ಲಿ ಊರು ಎಷ್ಟು ದೂರ ಅಂತ ನೋಡುವ ಬದಲು ಎಷ್ಟು ಎತ್ತರ ಅಂತ ನೋಡುವುದು ಇದಕ್ಕೇ.

ಕಾಜಾ, ಎರಡು ರಾತ್ರಿ. ತಾಬೊದಿಂದ ಬಸ್ಸಿನಲ್ಲಿ ಸುಮಾರು ಎರಡು ಗಂಟೆ. ನಡುವೆ ಸಿಚ್ಲಿಂಗ್‌ನಲ್ಲಿ ಇಳಿದು ಧಂಕರ್ ಗೊಂಪಾ ನೋಡುವ ಆಸೆ ಇದ್ದರೆ ನೋಡಿ. ಅದು 3,890 ಮೀಟರ್. ಹಗಲು ಹತ್ತಿ, ಸಂಜೆಗೆ ಇಳಿದುಬಿಡಿ. ಹಗಲು ಎತ್ತರಕ್ಕೆ ಹೋಗಿ ರಾತ್ರಿ ತಗ್ಗಿನಲ್ಲಿ ಮಲಗಿದರೆ ಮೈ ಬೇಗ ಹೊಂದಿಕೊಳ್ಳುತ್ತದೆ.

ಮುದ್, ಎರಡು ರಾತ್ರಿ. ಪಿನ್ ಕಣಿವೆಯ ಕೊನೆಯ ಹಳ್ಳಿ. ಸುಮಾರು 3,800 ಮೀಟರ್.

ಲಾಂಗ್ಜಾ ಅಥವಾ ಕಿಬ್ಬರ್, ಎರಡು ರಾತ್ರಿ. 4,200ರಿಂದ 4,400 ಮೀಟರ್. ಮುದ್‌ನಿಂದ ನೇರ ಬರುವವರಿಗೆ ಕಿಬ್ಬರ್ ಲೇಸು, ಲಾಂಗ್ಜಾ 600 ಮೀಟರ್ ಮೇಲಾಗುತ್ತದೆ. ಇವು ಕೊನೆಗೇ ಇರಲಿ. ಫೋಟೊ ನೋಡಿ ಮೊದಲೇ ಲಾಂಗ್ಜಾದಲ್ಲಿ ಕೋಣೆ ಕಾದಿರಿಸಿ, ಅರ್ಧ ರಾತ್ರಿ ಗಾಡಿ ಹುಡುಕಿಕೊಂಡು ಇಳಿದವರನ್ನು ನಾನು ಕಂಡಿದ್ದೇನೆ.

## ಹಂತ 4: ದಿನಕ್ಕೆರಡು ಸಲ ಮೈ ಪರೀಕ್ಷೆ

ಬೇಗ ಎತ್ತರಕ್ಕೆ ಹತ್ತಿದಾಗ ಬರುವ ಎತ್ತರದ ಕಾಯಿಲೆಗೂ ವಯಸ್ಸಿಗೂ ಸಂಬಂಧ ಕಡಿಮೆ. ಜಿಮ್‌ಗೆ ಹೋಗುವ ಹುಡುಗರು ನಾವು ಗಟ್ಟಿಮುಟ್ಟು ಅಂತ ಬೇಗ ಹತ್ತಿ, ಬೇಗ ಹಾಸಿಗೆ ಹಿಡಿಯುತ್ತಾರೆ. ಬೆಳಿಗ್ಗೆ ಎದ್ದಾಗ, ರಾತ್ರಿ ಮಲಗುವ ಮುಂಚೆ ಜೊತೆಗಿದ್ದವರು ಒಬ್ಬರನ್ನೊಬ್ಬರು ಕೇಳಿ: ತಲೆನೋವು ಇದೆಯಾ? ಊಟ ಸೇರುತ್ತಿದೆಯಾ? ಹೊಟ್ಟೆ ತೊಳಸುತ್ತಿದೆಯಾ? ನಿದ್ದೆ ಬಂತಾ?

ನಿಲ್ಲಬೇಕಾದ ಗುರುತು. ತಲೆನೋವಿನ ಜೊತೆ ಊಟ ಬೇಡ ಅನ್ನಿಸುವುದು, ವಾಕರಿಕೆ, ವಿಪರೀತ ಸುಸ್ತು. ಆ ದಿನ ಮೇಲೆ ಹೋಗಬೇಡಿ. ಅಲ್ಲೇ ಇನ್ನೊಂದು ರಾತ್ರಿ ಇದ್ದು, ನೀರು ಕುಡಿದು, ಹಗುರವಾಗಿ ಉಂಡು ನೋಡಿ. ನೋವಿನ ಮಾತ್ರೆ ನುಂಗಿ ತಲೆನೋವು ನಿಂತಿತು ಅಂತ ಮೇಲಿನ ಹಳ್ಳಿಗೆ ಹೊರಡುವುದು ದೊಡ್ಡ ತಪ್ಪು. ಮಾತ್ರೆ ಗುರುತನ್ನು ಮುಚ್ಚಿತು ಅಷ್ಟೇ.

ಇಳಿಯಬೇಕಾದ ಗುರುತು. ಸುಮ್ಮನೆ ಕೂತಾಗಲೂ ಏದುಸಿರು, ನೊರೆ ಕೆಮ್ಮು, ತುಟಿ ನೀಲಿಗಟ್ಟುವುದು, ಮಾತು ಅಸಂಬದ್ಧವಾಗುವುದು. ಅನುಮಾನ ಇದ್ದರೆ ನೆಲದ ಮೇಲೆ ಒಂದು ಗೆರೆ ಎಳೆದು, ಹಿಮ್ಮಡಿಗೆ ಬೆರಳು ತಾಗುವ ಹಾಗೆ ಹೆಜ್ಜೆ ಇಟ್ಟು ನಡೆಯಲು ಹೇಳಿ. ತೂರಾಡಿದರೆ ಬೆಳಗಾಗಲಿ ಅಂತ ಕಾಯಬೇಡಿ. ಆ ರಾತ್ರಿಯೇ ಇಳಿಸಿ.

ಎಲ್ಲಿಗೆ ಇಳಿಯುವುದು? ಇದನ್ನು ಮೊದಲೇ ಯೋಚಿಸಿಡಿ. ಲಾಂಗ್ಜಾ, ಕಿಬ್ಬರ್‌ನಲ್ಲಿದ್ದರೆ ಕಾಜಾಗೆ ಇಳಿಯಬಹುದು. ಅಲ್ಲಿ ಸರ್ಕಾರಿ ಆಸ್ಪತ್ರೆ ಇದೆ. ಕಾಜಾದಲ್ಲಿದ್ದಾಗಲೇ ಕೆಟ್ಟರೆ ತಾಬೊ, ಪಿಯೋ ಕಡೆಗೆ ಹೋಗಬೇಕು. ಮನಾಲಿ ಕಡೆಗಲ್ಲ. ಮನಾಲಿ ತಗ್ಗಿನಲ್ಲಿದೆ ನಿಜ, ಆದರೆ ಅಲ್ಲಿಗೆ ಹೋಗಲು ಮೊದಲು ಕುಂಜುಂ ಹತ್ತಬೇಕು. ಉಸಿರು ಕಟ್ಟಿದವರನ್ನು ಇನ್ನೂ ಸುಮಾರು 900 ಮೀಟರ್ ಮೇಲಕ್ಕೆ ಒಯ್ದ ಹಾಗಾಗುತ್ತದೆ. ಗಾಬರಿಯಲ್ಲಿ "ಮನಾಲಿಯಲ್ಲಿ ದೊಡ್ಡ ಆಸ್ಪತ್ರೆ ಇದೆ" ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಕೇಳಬೇಡಿ.

ಎತ್ತರದ ಕಾಯಿಲೆ ತಡೆಯಲು ಕೊಡುವ ಅಸೆಟಜೋಲಮೈಡ್ ಮಾತ್ರೆ ತೆಗೆದುಕೊಳ್ಳುವುದಾದರೆ ಊರಿನಲ್ಲೇ ನಿಮ್ಮ ಡಾಕ್ಟರ್ ಹತ್ತಿರ ಮಾತಾಡಿ. ಸಲ್ಫಾ ಔಷಧಿ ಆಗದವರು ಅದನ್ನು ಮುಂಚಿತವಾಗಿಯೇ ಹೇಳಬೇಕು. ಬಿಪಿ, ಹೃದಯದ ತೊಂದರೆ ಇದ್ದವರು ಮತ್ತು ಗರ್ಭಿಣಿಯರು ಡಾಕ್ಟರ್ ಒಪ್ಪದೆ ಹೊರಡಬೇಡಿ. ಮೊದಲ ನಾಲ್ಕೈದು ದಿನ ಹೆಂಡ ಬೇಡ, ನಿದ್ದೆ ಮಾತ್ರೆ ಬೇಡ.

## ಹಂತ 5: ಕಾಜಾದಲ್ಲಿ ಒಂದು ದಿನದ ಕೆಲಸ

ಕಾಜಾ ತಂಗುವುದಕ್ಕಿಂತ ಜಾಸ್ತಿ ವಿಚಾರಿಸುವುದಕ್ಕೆ ಇರುವ ಊರು. ಮೊದಲ ಬೆಳಿಗ್ಗೆ ಬಸ್ ನಿಲ್ದಾಣಕ್ಕೆ ಹೋಗಿ, ಮುದ್, ಕಿಬ್ಬರ್, ಲಾಂಗ್ಜಾ ಬಸ್ಸುಗಳು ಯಾವ ದಿನ, ಎಷ್ಟು ಗಂಟೆಗೆ ಅಂತ ಬಾಯಲ್ಲಿ ಕೇಳಿ. ಗೋಡೆಯ ಪಟ್ಟಿಯನ್ನೂ ಫೋನನ್ನೂ ನಂಬಿ ಕೂರಬೇಡಿ. ಕೆಲವು ಹಳ್ಳಿಗೆ ದಿನವೂ ಬಸ್ಸಿಲ್ಲ. ಡ್ರೈವರ್ ಅಥವಾ ಕಂಡಕ್ಟರ್ ಹೇಳಿದ್ದೇ ಖಾತ್ರಿ.

ಆಮೇಲೆ ಪೇಟೆಯಲ್ಲಿ ಒಂದು ಚಹಾ. ಬೆಳಗಿನ ಬಸ್ಸಿನಲ್ಲಿ ಹಳ್ಳಿಯವರು ಇಲ್ಲಿಗೆ ಬಂದಿರುತ್ತಾರೆ. ಬ್ಯಾಂಕು, ಆಸ್ಪತ್ರೆ, ಗ್ಯಾಸ್ ಸಿಲಿಂಡರ್, ಮಕ್ಕಳ ಪುಸ್ತಕ ಹೀಗೆ ಅವರಿಗೆ ನೂರು ಕೆಲಸ. "ಮುದ್‌ನಲ್ಲಿ ಯಾರ ಮನೆಯಲ್ಲಿ ಉಳಿಯಬಹುದು?" ಅಂತ ಚಹಾ ಅಂಗಡಿಯಲ್ಲಿ ಕೇಳಿದರೆ, ಎಷ್ಟೋ ಸಲ ಉತ್ತರ ಕೊಡುವವರು ಮುದ್‌ನವರೇ ಆಗಿರುತ್ತಾರೆ.

## ಹಂತ 6: ಹಳ್ಳಿಯ ಬಸ್ಸು ಹಿಡಿದು ಮೇಲಕ್ಕೆ

ಇದು ನನಗೆ ತುಂಬಾ ಮುಖ್ಯ ಅನ್ನಿಸುವ ಹಂತ. ಹಳ್ಳಿಯ ಬಸ್ಸುಗಳು ಪ್ರವಾಸಿಗರಿಗಾಗಿ ಓಡುವುದಿಲ್ಲ. ಬೆಳಿಗ್ಗೆ ಹಳ್ಳಿಯಿಂದ ಕಾಜಾಗೆ ಇಳಿಯುತ್ತವೆ, ಮಧ್ಯಾಹ್ನದ ಮೇಲೆ ಅಥವಾ ಸಂಜೆ ಜನರನ್ನು ತುಂಬಿಕೊಂಡು ಮನೆಗೆ ವಾಪಸ್. ನಾವು ಇದೇ ಬಸ್ಸು ಹತ್ತಿದರೆ ಹಳ್ಳಿ ಮುಟ್ಟುವಾಗ ಸಂಜೆ. ಹಿಂತಿರುಗಲು ಬಸ್ಸು ಮರುದಿನ ಬೆಳಿಗ್ಗೆಯೇ. ಅಂದರೆ ರಾತ್ರಿ ಅಲ್ಲೇ ಇರಬೇಕು, ಬೇರೆ ದಾರಿಯೇ ಇಲ್ಲ.

"ಅನನುಕೂಲ" ಅಂತ ಬಹಳಷ್ಟು ಜನ ಈ ಬಸ್ಸು ಬಿಟ್ಟು ಟ್ಯಾಕ್ಸಿ ಮಾಡುತ್ತಾರೆ. ಟ್ಯಾಕ್ಸಿಯಲ್ಲಿ ಬಂದವರು ಹಳ್ಳಿ ಮುಟ್ಟುವುದು ಬೆಳಿಗ್ಗೆ ಹನ್ನೊಂದಕ್ಕೆ. ಆಗ ಮನೆಯವರೆಲ್ಲ ಹೊಲದಲ್ಲಿ. ಬಾಗಿಲಿಗೆ ಬೀಗ. ಬೀದಿಯಲ್ಲಿ ಕರು, ನಾಯಿ, ಇನ್ನೊಂದು ಟ್ಯಾಕ್ಸಿ. ಅಲ್ಲಿಯವರ ಜೊತೆ ಮಾತಾಡಲು ಆಗಲಿಲ್ಲ ಅನ್ನುವುದು ಇದಕ್ಕೇ ಅಲ್ವಾ?

ಸಂಜೆ ಬಸ್ಸಿನಲ್ಲಿ ಪರಿಚಯ ತಾನಾಗಿ ಆಗುತ್ತದೆ. ಅಕ್ಕಿ ಮೂಟೆ ಒಳಗೆಳೆಯಲು ಒಂದು ಕೈ ಕೊಡುತ್ತೀರಿ. ಯಾರದೋ ಮಗು ತೊಡೆ ಮೇಲೆ ಬಂದು ಕೂರುತ್ತದೆ. "ಎಲ್ಲಿಂದ?" ಅಂತ ಕೇಳುತ್ತಾರೆ. ಇಳಿಯುವ ಹೊತ್ತಿಗೆ ನೀವು ಇಂಥ ಮನೆಗೆ ಹೋಗುತ್ತೀರಿ ಅನ್ನುವುದು ಬಸ್ಸಿಗೆಲ್ಲ ಗೊತ್ತಾಗಿರುತ್ತದೆ.

ಇಲ್ಲಿ ಮೂರು ಎಚ್ಚರಿಕೆ. ಮುಂದಿನ ಸೀಟುಗಳನ್ನು ವಯಸ್ಸಾದವರಿಗೆ ಬಿಡಿ. ನಿಮ್ಮ ದೊಡ್ಡ ಬ್ಯಾಗು ಮೇಲೆ ಹೋಗಲಿ. ಮನೆ ಮುಟ್ಟಿದ ಕೂಡಲೇ ಬಾಡಿಗೆ, ಊಟ ಸೇರಿ ಎಷ್ಟು ಅಂತ ಕೇಳಿ ತೀರ್ಮಾನಿಸಿಬಿಡಿ. ಸ್ನೇಹದ ನಡುವೆ ದುಡ್ಡಿನ ಮಾತು ಯಾಕೆ ಅಂತ ಸುಮ್ಮನಿದ್ದು, ಹೊರಡುವಾಗ ಚೌಕಾಸಿ ಮಾಡುವವರು ಊರಿಗೇ ಬೇಸರ ತರುತ್ತಾರೆ. ದೇಮುಲ್‌ನಂಥ ಹಳ್ಳಿಯಲ್ಲಿ ಅತಿಥಿಗಳನ್ನು ಸರದಿಯ ಮೇಲೆ ಮನೆಗಳಿಗೆ ಹಂಚುತ್ತಾರೆ, ಎಲ್ಲರಿಗೂ ಆದಾಯ ಬರಲಿ ಅಂತ. ಅಲ್ಲಿ "ನನಗೆ ಆ ಮನೆಯೇ ಬೇಕು" ಅಂತ ಹಟ ಹಿಡಿಯಬೇಡಿ.

## ಹಂತ 7: ಮನೆಯೊಳಗೆ

ಮನೆಯ ನಡುವೆ ತಗಡಿನ ಒಲೆ ಇರುತ್ತದೆ. ಸುತ್ತ ಕೂರಲು ನೆಲಹಾಸು. ಸಂಜೆ ಎಲ್ಲರೂ ಅಲ್ಲೇ. ನಿಮ್ಮ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರೆ ಆ ಸಂಜೆ ಮುಗಿಯಿತು. ಚೀಲ ಇಟ್ಟು, ಕೈತೊಳೆದು, ಒಲೆಯ ಹತ್ತಿರ ಬನ್ನಿ. ಎಲ್ಲಿ ಕೂರಲಿ ಅಂತ ಕೇಳಿ ಕೂರಿ. ಒಲೆಯ ಕಡೆಗೆ ಕಾಲು ಚಾಚಬೇಡಿ. ಬಿಸ್ಕತ್ತಿನ ಕವರು, ಬಳಸಿದ ಟಿಶ್ಯೂ ಒಲೆಗೆ ಎಸೆಯಬೇಡಿ. ಒಲೆಯಲ್ಲಿ ದೇವರಿದ್ದಾನೆ ಅನ್ನುವ ನಂಬಿಕೆ ಈ ಕಡೆ ಇದೆ. ನಮ್ಮ ಅಜ್ಜಿಯಂದಿರು ಒಲೆಗೆ ಕುಂಕುಮ ಇಟ್ಟು ಬೆಂಕಿ ಹಚ್ಚುತ್ತಿದ್ದುದನ್ನು ನೆನಪಿಸಿಕೊಂಡರೆ ಇದನ್ನು ವಿವರಿಸಬೇಕಾಗಿಯೇ ಇಲ್ಲ.

ಮಾತು. "ಜುಲೇ" ಅಂದರೆ ನಮಸ್ಕಾರವೂ ಹೌದು, ಧನ್ಯವಾದವೂ ಹೌದು. ಮುಂದಿನದೆಲ್ಲ ಹಿಂದಿಯಲ್ಲಿ. ನಮ್ಮ ಹಿಂದಿ ಹರಕುಮುರುಕು ಅಂತ ಸಂಕೋಚ ಬೇಡ. ಅವರ ಮನೆಮಾತು ಭೋಟಿ. ಹಿಂದಿ ಅವರಿಗೂ ಶಾಲೆಯಲ್ಲಿ, ಪೇಟೆಯಲ್ಲಿ ಕಲಿತ ಭಾಷೆಯೇ. ಇಬ್ಬರೂ ನಿಧಾನವಾಗಿ, ಚಿಕ್ಕ ಚಿಕ್ಕ ವಾಕ್ಯದಲ್ಲಿ ಮಾತಾಡುತ್ತೀರಿ. ಅದೇ ಚೆಂದ. ಹೆಂಗಸರಿಗೆ ದೀದಿ ಅಥವಾ ಆಂಟಿ, ಗಂಡಸರಿಗೆ ಭೈಯಾ ಅಥವಾ ಅಂಕಲ್ ಅಂದರೆ ಸರಿಹೋಗುತ್ತದೆ.

ಏನು ಕೇಳಬೇಕು? ಕೆಲಸದ ಬಗ್ಗೆ ಕೇಳಿ. ಈ ಸಲ ಹಿಮ ಎಷ್ಟು ಬಿತ್ತು, ಕಾಲುವೆಯಲ್ಲಿ ನೀರು ಸಾಕಾ, ಬಟಾಣಿಗೆ ಬೆಲೆ ಬಂತಾ. ಸ್ಪಿತಿಯಲ್ಲಿ ವರ್ಷಕ್ಕೆ ಒಂದೇ ಬೆಳೆ. ಮನೆಗೆ ಜವೆಗೋಧಿ, ಮಾರಾಟಕ್ಕೆ ಹಸಿ ಬಟಾಣಿ. ಹಿಮ ಕಡಿಮೆಯಾದರೆ ಬೇಸಿಗೆಯಲ್ಲಿ ಕಾಲುವೆ ಒಣಗುತ್ತದೆ. ಒಂದು ವರ್ಷ ಆ ಹಳ್ಳಿ ಹೇಗೆ ಬದುಕುತ್ತದೆ ಅನ್ನುವುದೆಲ್ಲ ಈ ಮೂರು ಪ್ರಶ್ನೆಯೊಳಗೇ ಇದೆ.

ಬೇಡವಾದ ಪ್ರಶ್ನೆಗಳೂ ಇವೆ. ತಿಂಗಳಿಗೆ ಎಷ್ಟು ದುಡಿಯುತ್ತೀರಿ, ಇಷ್ಟು ಚಳಿಯಲ್ಲಿ ಯಾಕೆ ಇದ್ದೀರಿ, ಒಬ್ಬ ಹೆಂಗಸಿಗೆ ಇಬ್ಬರು ಗಂಡಂದಿರು ಇರುತ್ತಿದ್ದರಂತಲ್ಲ ನಿಜವಾ. ಮನೆಗೆ ಬಂದ ಅಪರಿಚಿತರು ನಮ್ಮನ್ನು ಹೀಗೆ ಕೇಳಿದರೆ ನಮಗೆ ಹೇಗಾಗುತ್ತದೆ?

ನಿಮ್ಮ ಊರಿನ ಫೋಟೊ ಫೋನಿನಲ್ಲಿ ಇಟ್ಟುಕೊಳ್ಳಿ: ಹೊಲ, ಮನೆ, ಅಮ್ಮ, ಮಳೆ. ಮಲೆನಾಡಿನ ಮಳೆಯ ಒಂದು ಸಣ್ಣ ವಿಡಿಯೊ ತೋರಿಸಿದಾಗ ಒಬ್ಬ ಅಜ್ಜಿ ಅದನ್ನು ನಾಲ್ಕು ಸಲ ನೋಡಿ, "ಇಷ್ಟು ನೀರು ಎಲ್ಲಿಗೆ ಹೋಗುತ್ತದೆ?" ಅಂತ ಕೇಳಿದರು. ಆ ಪ್ರಶ್ನೆ ಇನ್ನೂ ನನ್ನ ತಲೆಯಲ್ಲಿದೆ.

ಊಟ. ತುಕ್ಪಾ (ನೂಡಲ್ಸ್ ಹಾಕಿದ ಸಾರು), ಮೊಮೊ ಮಾಂಸದ್ದೂ ಇರಬಹುದು. ಸಸ್ಯಾಹಾರಿಗಳು ಒಲೆ ಹಚ್ಚುವ ಮುಂಚೆಯೇ ಹೇಳಿ, ಬಡಿಸಿದ ಮೇಲಲ್ಲ. ಅನ್ನ, ಬೇಳೆ, ಆಲೂಗಡ್ಡೆ ಎಲ್ಲ ಮನೆಯಲ್ಲೂ ಇರುತ್ತದೆ. ಸಂಪಾ ಕೊಟ್ಟರೆ ಗಾಬರಿಯಾಗಬೇಡಿ. ಹುರಿದ ಜವೆಗೋಧಿಯ ಹಿಟ್ಟು ಅದು, ನಮ್ಮ ಹುರಿಹಿಟ್ಟಿನ ಅಣ್ಣ. ಬೆಣ್ಣೆ ಹಾಕಿದ ಚಹಾ ಉಪ್ಪಾಗಿರುತ್ತದೆ. ಚಹಾ ಅಂದುಕೊಂಡು ಕುಡಿದರೆ ಸೇರುವುದಿಲ್ಲ, ಸಾರು ಅಂದುಕೊಂಡು ಕುಡಿಯಿರಿ. ಲೋಟ ಖಾಲಿಯಾದರೆ ಮತ್ತೆ ತುಂಬುತ್ತಾರೆ. ಸಾಕು ಅನ್ನಿಸಿದಾಗ ತುಂಬಿದ ಲೋಟ ಹಾಗೇ ಬಿಟ್ಟು, ಏಳುವಾಗ ಕುಡಿದು ಎದ್ದರೆ ಆಯಿತು. ಮನೆಯಲ್ಲಿ ಮಾಡಿದ ಹೆಂಡ ಬೇಡವಾದರೆ ಸುರಿಯುವ ಮುಂಚೆ ಕೈಮುಗಿಯಿರಿ.

ಈಗ ಚಟ್ನಿಪುಡಿ ವಿಷಯ. ಹಬೆಯಲ್ಲಿ ಬೇಯಿಸಿದ ಅವರ ರೊಟ್ಟಿಯ ಜೊತೆ ಶೇಂಗಾ ಚಟ್ನಿಪುಡಿ ಚೆನ್ನಾಗಿ ಹೊಂದುತ್ತದೆ. ನೀವೊಬ್ಬರೇ ಹಾಕಿಕೊಳ್ಳಲು ಒಯ್ಯಬೇಡಿ, ಒಲೆಯ ಪಕ್ಕ ಇಟ್ಟು ಎಲ್ಲರಿಗೂ ಬಡಿಸಿ. ಮಾಡುವುದು ಹೇಗೆ ಅಂತ ಕೇಳುತ್ತಾರೆ, ನೀವೂ ಅವರ ಅಡುಗೆ ಕೇಳುತ್ತೀರಿ. ಆದರೆ ಬೀದಿಯಲ್ಲಿ ಸಿಕ್ಕ ಮಕ್ಕಳಿಗೆ ಚಾಕೊಲೇಟು, ಪೆನ್ನು, ದುಡ್ಡು ಹಂಚಬೇಡಿ. ನಾಳೆ ಬರುವ ಪ್ರತಿಯೊಬ್ಬರ ಮುಂದೆ ಆ ಮಕ್ಕಳು ಕೈಚಾಚುವ ಹಾಗೆ ಮಾಡಿದವರು ನಾವೇ ಆಗುತ್ತೇವೆ. ಲಾಂಗ್ಜಾದಲ್ಲಿ ಮಕ್ಕಳು ಪಳೆಯುಳಿಕೆ ಕಲ್ಲು ಮಾರಲು ತಂದರೆ ಕೊಳ್ಳಬೇಡಿ. ಅವು ಆ ಬೆಟ್ಟದಲ್ಲೇ ಇರಲಿ.

ಕಕ್ಕಸು. ಯಾರೂ ಮುಂಚೆ ಹೇಳದ ವಿಷಯ ಇದು. ಹಳ್ಳಿಗಳಲ್ಲಿರುವುದು ಒಣ ಕಕ್ಕಸು. ನೆಲದಲ್ಲಿ ಒಂದು ತೂತು, ಪಕ್ಕದಲ್ಲಿ ಮಣ್ಣು ಅಥವಾ ಬೂದಿಯ ರಾಶಿ, ಒಂದು ಸಲಿಕೆ. ಕೆಲಸ ಮುಗಿದ ಮೇಲೆ ಎರಡು ಸಲಿಕೆ ಮಣ್ಣು ಹಾಕಬೇಕು. ಇದು ಗೊಬ್ಬರವಾಗಿ ಅವರ ಹೊಲಕ್ಕೇ ಹೋಗುತ್ತದೆ. ಹಾಗಾಗಿ ಪ್ಲಾಸ್ಟಿಕ್, ಪ್ಯಾಡು, ಒದ್ದೆ ಒರೆಸುವ ಕಾಗದ ಯಾವುದನ್ನೂ ಅದರೊಳಗೆ ಹಾಕಬೇಡಿ. ಬಕೆಟ್ಟುಗಟ್ಟಲೆ ನೀರು ಸುರಿಯಲೂಬೇಡಿ, ಗೊಬ್ಬರ ಕೆಡುತ್ತದೆ. ನೀರಿಲ್ಲದೆ ಆಗದವರು ಎಲ್ಲಿ ತೊಳೆಯಬಹುದು ಅಂತ ಮನೆಯ ಹೆಂಗಸರನ್ನು ನೇರವಾಗಿ ಕೇಳಿ. ಅವರಿಗೆ ಇದು ಮುಚ್ಚಿಡುವ ಮಾತಲ್ಲ. ನಿಮ್ಮ ಕಸ ನಿಮ್ಮ ಚೀಲದಲ್ಲೇ ಕಾಜಾಗೆ, ಸಾಧ್ಯವಾದರೆ ಶಿಮ್ಲಾವರೆಗೂ ವಾಪಸ್ ಬರಲಿ.

ಎರಡನೇ ದಿನ. ಎರಡು ರಾತ್ರಿ ಅಂತ ನಾನು ಪದೇ ಪದೇ ಹೇಳಿದ್ದು ಇದಕ್ಕೆ. ಮೊದಲ ದಿನ ನೀವು ಅತಿಥಿ. ಎರಡನೇ ದಿನ ಬೆಳಿಗ್ಗೆ "ನಾನೂ ಬರಲಾ?" ಅಂತ ಕೇಳಿ ಹೊಲಕ್ಕೆ ಹೋಗಬಹುದು. ಬಟಾಣಿ ಬಿಡಿಸುವ ಕಾಲವಾದರೆ ಎರಡು ಕೈ ಯಾರಿಗೂ ಬೇಡವಾಗುವುದಿಲ್ಲ. ನಿಧಾನ ಮಾಡಿ, ಬಗ್ಗಿ ಏಳುವಾಗ ಉಸಿರು ಹತ್ತುತ್ತದೆ. ಫೋಟೊ ತೆಗೆಯುವುದಾದರೆ ಈಗ ಕೇಳಿ ತೆಗೆಯಿರಿ. ಮೊದಲ ದಿನ ಮುಖ ತಿರುಗಿಸಿದವರು ಎರಡನೇ ದಿನ ತಾವೇ ನಿಲ್ಲುತ್ತಾರೆ.

## ಹಂತ 8: ಗೊಂಪಾದಲ್ಲಿ

ಚಪ್ಪಲಿ, ಟೋಪಿ ಹೊರಗೆ. ಸ್ತೂಪ ಅಥವಾ ಮಂತ್ರ ಕೆತ್ತಿದ ಕಲ್ಲಿನ ಗೋಡೆ ಸಿಕ್ಕರೆ ಅದು ನಿಮ್ಮ ಬಲಕ್ಕಿರುವ ಹಾಗೆ ದಾಟಿ, ನಮ್ಮ ಪ್ರದಕ್ಷಿಣೆಯ ಹಾಗೇ. ತಾಬೊದ ಹಳೆಯ ಗುಡಿ 996ರಲ್ಲಿ ಕಟ್ಟಿದ್ದು, ಮಣ್ಣಿನ ಗೋಡೆಯ ಮೇಲೆ ಚಿತ್ರಗಳಿವೆ. ಒಳಗೆ ಫೋಟೊ ತೆಗೆಯುವಂತಿಲ್ಲ, ಗೋಡೆ ಮುಟ್ಟುವಂತಿಲ್ಲ. ಕಣ್ಣು ಕತ್ತಲೆಗೆ ಹೊಂದುವವರೆಗೆ ಐದು ನಿಮಿಷ ಸುಮ್ಮನೆ ನಿಲ್ಲಿ. ಎಷ್ಟೋ ಜನ ಆ ಐದು ನಿಮಿಷಕ್ಕೆ ಮುಂಚೆಯೇ ಹೊರಗೆ ಬಂದುಬಿಡುತ್ತಾರೆ.

ಭಿಕ್ಷುಗಳ ಜೊತೆ ಮಾತಾಡುವಾಗ ಎಲ್ಲಿಂದ ಬಂದಿರಿ ಅಂದರೆ ಬೆಂಗಳೂರು ಅಂತ ನಿಲ್ಲಿಸಬೇಡಿ, ಕರ್ನಾಟಕ ಅನ್ನಿ. ಟಿಬೆಟ್ಟಿನ ಸೆರಾ ಮಠ ಮತ್ತೆ ನೆಲೆಗೊಂಡಿದ್ದು ನಮ್ಮ ಬೈಲಕುಪ್ಪೆಯಲ್ಲಿ. ದ್ರೆಪುಂಗ್, ಗಾಂದೆನ್ ಮಠಗಳು ಮುಂಡಗೋಡಿನಲ್ಲಿ. ಕೀ, ಧಂಕರ್, ತಾಬೊ ಟಿಬೆಟ್ಟಿನ ಬೌದ್ಧರ ಅದೇ ಗೆಲುಗ್ ಪರಂಪರೆಯ ಗೊಂಪಾಗಳು. ಹಿಮಾಲಯದ ಹುಡುಗರು ಹೆಚ್ಚಿನ ಓದಿಗೆ ಆ ಮಠಗಳಿಗೆ ಬರುತ್ತಾರೆ. ಮುಂಡಗೋಡು ಅನ್ನುವ ಹೆಸರು ಕೇಳಿ ಅಲ್ಲೊಬ್ಬರ ಮುಖ ಅರಳಿದ್ದು, "ಊಟ ಆಯ್ತಾ?" ಅಂತ ಕನ್ನಡದಲ್ಲೇ ಕೇಳಿದ್ದು ನನಗೆ ಮರೆಯದ ಗಳಿಗೆ.

## ಹಂತ 9: ಹೊರಬರುವುದು

ಈಗ ಮೈ ಎತ್ತರಕ್ಕೆ ಹೊಂದಿದೆ, ಆದ್ದರಿಂದ ಕುಂಜುಂ ದಾಟಿ ಮನಾಲಿ ಕಡೆಗೆ ಇಳಿಯಬಹುದು. ಸಾಮಾನ್ಯವಾಗಿ ಜೂನ್‌ನಿಂದ ಅಕ್ಟೋಬರ್‌ವರೆಗೆ ದಾರಿ ತೆರೆದಿರುತ್ತದೆ. ತೆರೆದಿದೆಯೋ ಇಲ್ಲವೋ ಅಂತ ಕಾಜಾದಲ್ಲಿ ಹಿಂದಿನ ಸಂಜೆ ಕೇಳಿ. ಬಸ್ಸಿನಲ್ಲೋ ಹಂಚಿಕೊಂಡು ಹೋಗುವ ಜೀಪಿನಲ್ಲೋ ಸೀಟು ಆಗಲೇ ಹಿಡಿಯಿರಿ.

ಬೆಳಿಗ್ಗೆ ಎಷ್ಟು ಬೇಗ ಹೊರಟರೆ ಅಷ್ಟು ಒಳ್ಳೆಯದು. ಕುಂಜುಂ ಇಳಿದ ಮೇಲೆ ಬಾತಲ್‌ನಿಂದ ಗ್ರಾಂಫೂವರೆಗಿನ ದಾರಿಯಲ್ಲಿ ಹಿಮನದಿಯ ತೊರೆಗಳು ರಸ್ತೆಯ ಮೇಲೇ ಹರಿಯುತ್ತವೆ. ರಾತ್ರಿ ಚಳಿಗೆ ಹಿಮ ಕರಗುವುದಿಲ್ಲ, ಬೆಳಿಗ್ಗೆ ತೊರೆ ಸಣ್ಣದು. ಬಿಸಿಲೇರಿದ ಹಾಗೆ ನೀರು ಉಬ್ಬುತ್ತದೆ, ಮಧ್ಯಾಹ್ನದ ಮೇಲೆ ಗಾಡಿಗಳು ಸಿಕ್ಕಿಬೀಳುತ್ತವೆ. ಡ್ರೈವರ್ ಮಧ್ಯಾಹ್ನ ಹೊರಡೋಣ ಅಂದರೆ ಬೇರೆ ಗಾಡಿ ನೋಡಿ. ಹಿಮ ಬೀಳುವ ಸೂಚನೆ ಇದ್ದರೆ ಬಂದ ದಾರಿಯಲ್ಲೇ, ಪಿಯೋ ಕಡೆಯಿಂದ ವಾಪಸಾಗಿ.

ಊರು ಸೇರಿದ ವಾರದೊಳಗೆ ಒಂದು ಕೆಲಸ ಬಾಕಿ ಇರುತ್ತದೆ. ಮನೆಯವರ ಫೋಟೊಗಳನ್ನು ಪ್ರಿಂಟ್ ಹಾಕಿಸಿ ಅಂಚೆಯಲ್ಲಿ ಕಳಿಸಿ. ವಾಟ್ಸಾಪ್‌ನಲ್ಲಿ ಕಳಿಸುತ್ತೇನೆ ಅಂದು ಮರೆತವರು ತುಂಬಾ ಜನ ಇದ್ದಾರೆ, ಆ ಮನೆಗಳಲ್ಲೇ ಇದನ್ನು ಕೇಳಿದ್ದೇನೆ. ವಿಳಾಸಕ್ಕೆ ಮನೆಯ ಹಿರಿಯರ ಹೆಸರು, ಹಳ್ಳಿ, ಕಾಜಾ, ಲಾಹೌಲ್ ಮತ್ತು ಸ್ಪಿತಿ ಜಿಲ್ಲೆ, ಪಿನ್‌ಕೋಡ್ ಇಷ್ಟು ಬೇಕು. ಹೊರಡುವ ಮುಂಚೆ ಮಕ್ಕಳ ಕೈಯಲ್ಲೇ ಬರೆಸಿಕೊಂಡಿರಿ, ಕಾಗುಣಿತ ತಪ್ಪುವುದಿಲ್ಲ. ಸೆಪ್ಟೆಂಬರ್‌ನಲ್ಲಿ ಹೋದವರು ಅಕ್ಟೋಬರ್ ಮುಗಿಯುವುದರೊಳಗೆ ಕಳಿಸಿಬಿಡಿ. ಹಿಮ ಬಿದ್ದ ಮೇಲೆ ಅಂಚೆ ಚೀಲ ಹಳ್ಳಿ ಮುಟ್ಟಲು ವಾರಗಟ್ಟಲೆ ಹಿಡಿಯುತ್ತದೆ.